ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಆಟ ಇಂದಿಗೂ ಆಡಲು ಯೋಗ್ಯವೇ?

ಜಪಾನಿನ ಸ್ಕ್ವೇರ್ ಸಂಸ್ಥೆ 1997ರಲ್ಲಿ ಪ್ಲೇಸ್ಟೇಷನ್‌ಗಾಗಿ ಹೊರತಂದ, ಚೌಕಗಳ ಕಣದಲ್ಲಿ ಯೋಧರನ್ನು ಸರದಿಯಂತೆ ನಡೆಸಿ ಕಾದಾಡುವ ಈ ವಿಡಿಯೋ ಆಟ ಇಂದಿಗೂ ಆಡಲು ಯೋಗ್ಯವೆಂದೇ ನನ್ನ ಅಭಿಪ್ರಾಯ. ಅದಕ್ಕೆ ಮುಖ್ಯ ಕಾರಣ ಅದರ ಸರದಿ ವ್ಯವಸ್ಥೆ. ಇಲ್ಲಿ ಇಡೀ ತಂಡಕ್ಕೆ ಒಮ್ಮೆಲೇ ಸರದಿ ಬರುವುದಿಲ್ಲ. ಪ್ರತಿಯೊಬ್ಬ ಯೋಧನೂ ತನ್ನ ವೇಗಕ್ಕೆ ತಕ್ಕಂತೆ ಅದನ್ನು ಪಡೆಯುತ್ತಾನೆ, ಹೆಚ್ಚಿನ ಮಂತ್ರಗಳು ಫಲಿಸಲೂ ಸಮಯ ಹಿಡಿಯುತ್ತದೆ. ನೀವು ಒಂದು ಚೌಕಕ್ಕೆ ಗುರಿಯಿಟ್ಟು ಬೆಂಕಿಯ ಮಂತ್ರ ಆರಂಭಿಸಿದರೆ, ಅದು ಸಿಡಿಯುವಷ್ಟರಲ್ಲಿ ಶತ್ರು ಜಾರಿಕೊಂಡು, ನಿಮ್ಮವನೇ ಅಲ್ಲಿ ಬಂದು ನಿಂತಿರಬಹುದು. ಸರದಿಪಟ್ಟಿ ನೋಡದೆ ಮಂತ್ರ ಹಾಕುವುದು ಕತ್ತಲಲ್ಲಿ ಕಲ್ಲು ಬೀರಿದಂತೆಯೇ ಸರಿ. ಯೋಧನೊಬ್ಬ ಒಂದು ವೃತ್ತಿಯಲ್ಲಿ (ಮಾಂತ್ರಿಕ, ಬಿಲ್ಲುಗಾರ ಇತ್ಯಾದಿ) ಕಲಿತ ವಿದ್ಯೆಯನ್ನು ಇನ್ನೊಂದರಲ್ಲೂ ಬಳಸಬಹುದಾದ್ದರಿಂದ ತಂಡ ಕಟ್ಟುವುದೂ ರುಚಿಕರ.

ಆದರೆ ಸಮತೋಲನ ಹದತಪ್ಪಿದೆ. ರಿಯೋವೇನ್ಸ್ ಕೋಟೆಯಲ್ಲಿ ನಾಯಕ ರಾಮ್ಜಾ ಒಬ್ಬನೇ ಪ್ರಬಲ ಶತ್ರು ವೀಗ್ರಾಫ್‌ನನ್ನು ಎದುರಿಸಬೇಕು. ಮೂಲ ಆವೃತ್ತಿಯಲ್ಲಿ ಕೋಟೆಯ ಕದನಗಳ ನಡುವೆ ಸೇವ್ ಮಾಡಿದವರು, ತಯಾರಿ ಸಾಲದಿದ್ದರೂ ತರಬೇತಿಗೆ ಹೊರಹೋಗಲಾರದೆ ಸಿಕ್ಕಿಬೀಳುತ್ತಾರೆ (ಇನ್ನೊಂದು ಸೇವ್ ಇಟ್ಟುಕೊಳ್ಳಿ). ಮುಂದೆ ಅತಿ ಬಲಶಾಲಿ ಖಡ್ಗಯೋಧ ಒರ್ಲಾಂಡು ನಿಮ್ಮ ತಂಡ ಸೇರಿದ ಮೇಲಂತೂ ಸವಾಲೇ ಕರಗಿಹೋಗುತ್ತದೆ. ಹೊಸಬರಿಗೆ, ಕಷ್ಟದ ಮಟ್ಟವನ್ನು ಆರಿಸಿಕೊಳ್ಳಲು ಅವಕಾಶವಿರುವ 2025ರ ಪರಿಷ್ಕೃತ ಆವೃತ್ತಿಯೇ ಸೂಕ್ತ.