ಮಂಡ್ಯದಂಥ ಊರಿನಲ್ಲಿ ಕ್ರೈಸ್ತ ಕುಟುಂಬವೊಂದು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಬೇಕೆಂದರೆ ಎಲ್ಲಿಂದ ಆರಂಭಿಸಬೇಕು?

ಪಠ್ಯಪುಸ್ತಕ ಕೊಳ್ಳುವ ಮೊದಲು ಮನೆಯ ದಿನಚರಿಯನ್ನು ಸರಿಪಡಿಸಿಕೊಳ್ಳಿ. ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಮಕ್ಕಳಿಗೆ ದೇವರ ಮಾತು ಕಲಿಸುವ ಹೊಣೆಯನ್ನು ಹೆತ್ತವರಿಗೇ ಒಪ್ಪಿಸುತ್ತದೆ. ಮನೆಯಲ್ಲಿ ಕುಳಿತಾಗಲೂ ದಾರಿ ನಡೆಯುವಾಗಲೂ. ಹೆತ್ತವರೆಂದರೆ ಇಬ್ಬರೂ. ಎಲ್ಲವನ್ನೂ ತಾಯಿಯ ಹೆಗಲಿಗೇ ಹಾಕಿದ ಮನೆಪಾಠ ಬಹಳ ದಿನ ಬಾಳುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಅಜ್ಜಿ, ತಾತ ಜೊತೆಗಿದ್ದರೆ ಕನ್ನಡ ಓದಿಸುವುದನ್ನು ಅವರಿಗೇ ಬಿಡಿ.

ನಂಬಿಕೆಯನ್ನು ಬೇರೆಯೇ ಒಂದು ವಿಷಯವನ್ನಾಗಿ ಮಾಡಬೇಡಿ. 104ನೇ ಕೀರ್ತನೆಯಲ್ಲಿ ಮರವನ್ನೇ ಮನೆ ಮಾಡಿಕೊಂಡ ಕೊಕ್ಕರೆಯ ಮಾತು ಬರುತ್ತದೆ. ಅದನ್ನು ಓದಿಸಿ, ಗೂಡು ಕಟ್ಟುವ ಕಾಲದಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮಕ್ಕಳನ್ನು ಕರೆದೊಯ್ಯಿರಿ. ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ; ಕೆಳಗೆ ಬಿದ್ದ ಹಿಕ್ಕೆಯನ್ನು ರೈತರು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಮಗು ಗೂಡುಗಳನ್ನು ಎಣಿಸಲಿ, ಕೊಕ್ಕಿನ ಚಿತ್ರ ಬರೆಯಲಿ. ವಿಜ್ಞಾನವೂ ಸ್ತುತಿಯೂ ಅಲ್ಲೇ ಕೂಡುತ್ತವೆ.

ಕಾನೂನನ್ನೂ ತಿಳಿದಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಯ ಚೌಕಟ್ಟಿನಲ್ಲೇ ನೋಡುತ್ತದೆ. ಮನೆಪಾಠಕ್ಕೆ ಸ್ಪಷ್ಟ ಮಾನ್ಯತೆ ಕೊಟ್ಟಿಲ್ಲ. ಆದ್ದರಿಂದ ಕಲಿಕೆಯ ದಾಖಲೆಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳಿ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹತ್ತನೇ ತರಗತಿಗೆ ಸಮನಾದ ಹಂತಕ್ಕೆ ನೋಂದಾಯಿಸಬಹುದು. ಕನಿಷ್ಠ ಐದು ವಿಷಯ ಬೇಕು.

ಭಾನುವಾರದ ಆರಾಧನೆಯಷ್ಟೇ ಕೇರಿಯ ಮಕ್ಕಳೊಂದಿಗಿನ ಸಂಜೆಯ ಆಟವೂ ಮುಖ್ಯ. ಅದನ್ನು ತಪ್ಪಿಸಬೇಡಿ.