ವೇಲೆನ್ಸಿಯಾದಲ್ಲಿ ಊರಿನವರ ಏರಿಯಾ ನೋಡಬೇಕಾ? ಕಬನ್ಯಾಲ್‌ಗೆ ಹೋಗಿ

ಸ್ಪೇನಿನ ವೇಲೆನ್ಸಿಯಾದಲ್ಲಿ ಎರಡು ದಿನ ಇರುತ್ತೇವೆ, ಚರ್ಚು ಮ್ಯೂಸಿಯಂ ನೋಡಿ ಸಾಕಾಗಿದೆ, ಜನ ಬದುಕುವ ಒಂದು ಬಡಾವಣೆ ಸುತ್ತಬೇಕು, ಯಾವುದು ಅಂತ ಕೇಳಿದ್ದೀರಿ. ಓದಲು ಹೋಗಿ ಎರಡು ವರ್ಷ ಆ ಊರಲ್ಲಿದ್ದೆ. ನನ್ನ ಉತ್ತರ ಕಬನ್ಯಾಲ್. ಸಮುದ್ರದ ಪಕ್ಕದ ಹಳೇ ಮೀನುಗಾರರ ಕೇರಿ ಅದು.

ನಾನು ಮೊದಲ ಸಲ ಹೋದದ್ದು ಮಧ್ಯಾಹ್ನ ಮೂರೂವರೆಗೆ. ಅಂಗಡಿಗಳೆಲ್ಲ ಬಂದ್, ಕಿಟಕಿಗಳ ಷಟರ್ ಕೆಳಗೆ, ಬೀದಿಯಲ್ಲಿ ಒಂದು ಬೆಕ್ಕು ಬಿಟ್ಟರೆ ನರಪಿಳ್ಳೆ ಇಲ್ಲ. ಇದೇನಪ್ಪಾ ಹಾಳೂರು ಅಂದುಕೊಂಡು ಸೀದಾ ಬೀಚಿಗೆ ಹೋಗಿಬಿಟ್ಟೆ. ಅದು ಅಲ್ಲಿನವರು ಊಟ ಮಾಡಿ ಅಡ್ಡಾಗುವ ಹೊತ್ತು ಅಂತ ಆಮೇಲೆ ಗೊತ್ತಾಯಿತು. ನೀವು ಬೆಳಿಗ್ಗೆ ಹತ್ತಕ್ಕೆ ಹೋಗಿ. ಗುರುವಾರ ಆದರೆ ಇನ್ನೂ ಒಳ್ಳೆಯದು, ಕಬನ್ಯಾಲ್ ಮಾರ್ಕೆಟ್ಟಿನ ಸುತ್ತ ಸಂತೆ ಸೇರುತ್ತದೆ. ಮೆಟ್ರೋದಲ್ಲಿ ಮರಿತಿಂ ಸ್ಟೇಷನ್ನಿಗೆ ಇಳಿದು ಸಮುದ್ರದ ಕಡೆ ನಡೆದರಾಯಿತು.

ಹತ್ತು ಗಂಟೆಗೇ ಹೋಗಿ ಅನ್ನಲು ಇನ್ನೊಂದು ಕಾರಣ ಹೊಟ್ಟೆ. ಅದು ವೇಲೆನ್ಸಿಯಾದವರ ಎರಡನೇ ತಿಂಡಿಯ ಹೊತ್ತು. ಎಸ್ಮೊರ್ಜಾರೆತ್ ಅಂತಾರೆ. ಮೊಳದುದ್ದದ ಬ್ರೆಡ್ಡಿನೊಳಗೆ ಏನೇನೋ ತುಂಬಿಕೊಡುತ್ತಾರೆ. ಅದು ಬರುವ ಮೊದಲೇ ಟೇಬಲ್ಲಿಗೆ ಒಂದು ಬಟ್ಟಲು ಆಲಿವ್, ಇನ್ನೊಂದು ಬಟ್ಟಲು ಹುರಿದ ಕಡ್ಲೆಕಾಯಿ, ಸಿಪ್ಪೆ ಸಮೇತ! ಬಸವನಗುಡಿ ಪರಿಷೆ ನೋಡಿ ಬೆಳೆದ ನನಗೆ ಅಷ್ಟೇ ಸಾಕಾಯಿತು. ಸಸ್ಯಾಹಾರಿಗಳಾದರೆ ಸ್ವಲ್ಪ ಕಷ್ಟ. ಮೊಟ್ಟೆ ತಿನ್ನುವವರಾದರೆ ಆಲೂಗಡ್ಡೆ ಹಾಕಿದ 'ತೊರ್ತಿಯಾ' ಕೇಳಿ. ಮೆನುವಿನಲ್ಲಿ 'ಪೊತ್ರೊ' ಅಂತ ಇದ್ದರೆ ಅದು ಕುದುರೆ ಮರಿಯ ಮಾಂಸ, ನೋಡಿಕೊಳ್ಳಿ. ಕೊನೆಗೆ ಕ್ರೆಮಾಯೆತ್ ಎಂಬ ಕಾಫಿ. ರಮ್ಮಿಗೆ ಸಕ್ಕರೆ, ಚಕ್ಕೆ, ನಿಂಬೆ ಸಿಪ್ಪೆ ಹಾಕಿ ಬೆಂಕಿ ಹಚ್ಚಿ, ಮೇಲೆ ಕಾಫಿ ಸುರಿಯುತ್ತಾರೆ.

ಆಮೇಲೆ ಸುಮ್ನೆ ನಡೆಯಿರಿ. ಉದ್ದನೆಯ ಬೀದಿಗಳೆಲ್ಲ ಸಮುದ್ರಕ್ಕೆ ಸಮಾನಾಂತರವಾಗಿವೆ, ದಾರಿ ತಪ್ಪುವುದು ಕಷ್ಟ. ಹಿಂದೆ ಇಲ್ಲಿ ಮೀನುಗಾರರ ಹುಲ್ಲು ಗುಡಿಸಲುಗಳು ಸಾಲಾಗಿದ್ದವು. ಬೆಂಕಿ ಬಿದ್ದು ಸುಟ್ಟು ಹೋಗುತ್ತಿದ್ದವು. ಕ್ರಮೇಣ ಅದೇ ಕಿರಿದಾದ ಜಾಗಗಳಲ್ಲಿ ಇಟ್ಟಿಗೆ ಮನೆಗಳು ಎದ್ದವು. 1837ರಿಂದ 1897ರವರೆಗೆ ಇದು ಬೇರೆಯೇ ಊರಾಗಿತ್ತು. ಈಗಲೂ ಹಳಬರು ನಗರದ ಮಧ್ಯಕ್ಕೆ ಹೊರಟರೆ 'ವೇಲೆನ್ಸಿಯಾಕ್ಕೆ ಹೋಗ್ತೀನಿ' ಅನ್ನುತ್ತಾರೆ.

ಮನೆಗಳ ಮುಂಗೋಡೆಗೆ ನೆಲದಿಂದ ತಾರಸಿಯವರೆಗೂ ಟೈಲ್ಸ್. ಒಂದು ಮನೆ ಹಸಿರು ಬಿಳಿ ಚೌಕ, ಪಕ್ಕದ್ದು ನೀಲಿ. ಒಂದು ಬಾಗಿಲ ಮುಂದೆ ಅಜ್ಜಿಯೊಬ್ಬರು ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸುತ್ತಿದ್ದರು, ನಾವು ಅಡುಗೆ ಕಟ್ಟೆ ಒರೆಸುವ ಹಾಗೆ. ಫೋಟೋ ತೆಗೆಯಲಾ ಅಂತ ಸನ್ನೆ ಮಾಡಿದೆ. ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು, ಅವರು ಮಾತ್ರ ಸರಿಯಲಿಲ್ಲ. ಬೇಸಿಗೆ ಸಂಜೆ ಇಂಥ ಕುರ್ಚಿಗಳು ಬೀದಿಗೆ ಬರುತ್ತವೆ, ಗಾಳಿಗೆ ಕೂತು ಹರಟೆ. ಜಗಲಿ ಇಲ್ಲ, ಅಷ್ಟೇ ವ್ಯತ್ಯಾಸ. ಕೇಳದೆ ಬಾಗಿಲ ಒಳಗೆ ಕ್ಯಾಮರಾ ತಿರುಗಿಸಬೇಡಿ, ಅದು ಅವರ ಮನೆ ಅಲ್ವಾ.

ನಡುನಡುವೆ ಖಾಲಿ ಸೈಟುಗಳು ಕಾಣುತ್ತವೆ. ಬ್ಲಾಸ್ಕೊ ಇಬಾನ್ಯೆಸ್ ಎಂಬ ದೊಡ್ಡ ರಸ್ತೆ ಕಬನ್ಯಾಲ್ ರೈಲ್ವೆ ಸ್ಟೇಷನ್ನಿನ ಹತ್ತಿರ ಬಂದು ಗಕ್ಕನೆ ನಿಲ್ಲುತ್ತದೆ. ಅದನ್ನು ಸಮುದ್ರದವರೆಗೂ ಎಳೆಯಬೇಕು ಅಂತ 1998ರಲ್ಲಿ ನಗರಾಡಳಿತ ಯೋಜನೆ ಮಾಡಿತು. ಹೋಗಬೇಕಾಗಿದ್ದದ್ದು ಸುಮಾರು 1,600 ಮನೆ. ಜನ 'ಸಾಲ್ವೆಮ್ ಎಲ್ ಕಬನ್ಯಾಲ್', ಅಂದರೆ ಕಬನ್ಯಾಲ್ ಉಳಿಸೋಣ, ಅಂತ ಸಂಘ ಕಟ್ಟಿ ವರ್ಷಗಟ್ಟಲೆ ಜಗ್ಗಾಡಿದರು. 2009ರಲ್ಲಿ ಕೇಂದ್ರದ ಸಂಸ್ಕೃತಿ ಸಚಿವಾಲಯ ತಡೆ ಹಾಕಿತು, 2015ರಲ್ಲಿ ಹೊಸ ಆಡಳಿತ ಬಂದು ಯೋಜನೆಯನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಮನೆ ಬಿದ್ದಿದ್ದವು. ಒಂದು ಸೈಟಿನಲ್ಲಿ ನಾನು ಜಾಸ್ತಿ ಹೊತ್ತು ನಿಂತಿದ್ದೆ. ಮನೆ ಇಲ್ಲ, ಆದರೆ ಪಕ್ಕದ ಮನೆಯ ಗೋಡೆಗೆ ಅದರ ಅಡುಗೆಮನೆಯ ಟೈಲ್ಸ್ ಇನ್ನೂ ಅಂಟಿಕೊಂಡಿತ್ತು, ಸೊಂಟದ ಎತ್ತರಕ್ಕೆ.

ಈಸ್ಟರ್ ಹೊತ್ತಿಗೆ ಹೋಗುವುದಾದರೆ ಒಂದು ಎಚ್ಚರಿಕೆ. ಹಿಂದಿನ ದಿನ ಶನಿವಾರ ಮಧ್ಯರಾತ್ರಿ ಇಲ್ಲಿನವರು ಹಳೇ ಪಿಂಗಾಣಿ ಪಾತ್ರೆಗಳನ್ನು ಬಾಲ್ಕನಿಯಿಂದ ಬೀದಿಗೆ ಎಸೆದು ಒಡೆಯುತ್ತಾರೆ. ರಸ್ತೆ ಮಧ್ಯದಲ್ಲಂತೂ ನಿಲ್ಲಬೇಡಿ.