ಸ್ಪೇ ಆಪರೇಷನ್ ಆದ ತುಂಟ ಮರಿಯನ್ನು ಎರಡು ವಾರ ಸುಮ್ಮನಿರಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಏಳು ತಿಂಗಳ ಇಂಡಿ (ನಮ್ಮ ನಾಟಿ) ಹೆಣ್ಣು ನಾಯಿಮರಿ, ಮೊನ್ನೆ ಸ್ಪೇ, ಅಂದರೆ ಮರಿ ಆಗದಂತೆ ಮಾಡುವ ಆಪರೇಷನ್ ಆಗಿದೆ, ಎರಡು ವಾರ ಓಡಬಾರದು ಹಾರಬಾರದು ಅಂತ ಡಾಕ್ಟರ್ ಹೇಳಿದ್ದಾರೆ, ಅವಳು ನೋಡಿದರೆ ಇವತ್ತೇ ಸೋಫಾ ಹತ್ತಿ ಇಳಿಯುತ್ತಿದ್ದಾಳೆ, ಅಪಾರ್ಟ್‌ಮೆಂಟಿನಲ್ಲಿ ಏನು ಮಾಡುವುದು. ನಮ್ಮ ಚುಕ್ಕಿಗೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಈ ಆಪರೇಷನ್ ಆಯಿತು. ಅವಳೂ ಒಂದು ಕಡೆ ಕೂರುವ ಮರಿಯಲ್ಲ. ಹಿಡಿದು ಕೂರಿಸಿದರೆ, ಗದರಿದರೆ ಮರಿ ಸುಮ್ಮನಾಗುವುದಿಲ್ಲ, ಇನ್ನೂ ಜಾಸ್ತಿ ಕೆರಳುತ್ತದೆ. ಕಾಲಿಗೆ ಕೆಲಸ ತಪ್ಪಿಸಿದ ಮೇಲೆ ಅಷ್ಟೂ ಕೆಲಸವನ್ನು ಮೂಗಿಗೆ, ಬಾಯಿಗೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯ ಇದೇ.

ಮೊದಲು, ಇಷ್ಟೆಲ್ಲ ಯಾಕೆ ಅಂದರೆ, ಇದು ಮೇಲುಮೇಲಿನ ಗಾಯ ಅಲ್ಲ. ಹೊಟ್ಟೆ ತೆರೆದು ಅಂಡಾಶಯ, ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆದಿರುತ್ತಾರೆ. ಕಣ್ಣಿಗೆ ಕಾಣುವ ಹೊಲಿಗೆಯ ಕೆಳಗೆ ಹೊಟ್ಟೆಯ ಗೋಡೆಗೆ ಹಾಕಿದ ಇನ್ನೊಂದು ಹೊಲಿಗೆ ಇದೆ. ಹೊಟ್ಟೆಯನ್ನು ಹಿಡಿದಿಟ್ಟಿರುವುದು ಅದೇ. ಮೂರನೇ ನಾಲ್ಕನೇ ದಿನಕ್ಕೆ ಮೇಲಿನ ಚರ್ಮ ಒಣಗಿದಂತೆ ಕಾಣುತ್ತದೆ, ನೋವೂ ಕಡಿಮೆಯಾಗಿ ಮರಿ ಪೂರ್ತಿ ಗೆಲುವಾಗಿಬಿಡುತ್ತದೆ, ಆದರೆ ಒಳಗಿನ ಪದರ ಇನ್ನೂ ಕೂಡಿಕೊಂಡಿರುವುದಿಲ್ಲ. ಈ ಹೊತ್ತಿನಲ್ಲಿ ಹಾರಿದರೆ ಹೊಲಿಗೆ ಬಿಟ್ಟುಕೊಳ್ಳಬಹುದು, ಚರ್ಮದಡಿ ನೀರು ತುಂಬಿ ಬಾವು ಬರಬಹುದು. "ಬೀದಿನಾಯಿಗಳು ಆಪರೇಷನ್ ಆದ ಮೇಲೆ ಓಡಾಡಿಕೊಂಡೇ ಇರ್ತಾವಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವಕ್ಕೂ ಆಪರೇಷನ್ ಆದ ಮೇಲೆ ಕೆಲವು ದಿನ ಕೇಜಿನಲ್ಲೇ ಇಟ್ಟು ನೋಡಿಕೊಂಡು ಆಮೇಲೆ ಬಿಡಬೇಕು. ಎಷ್ಟೋ ಕಡೆ ಅವಕ್ಕೆ ಹೊಟ್ಟೆಯ ಕೆಳಗಿನ ಬದಲು ಪಕ್ಕೆಯಲ್ಲಿ ಸಣ್ಣದಾಗಿ ಕೊಯ್ಯುತ್ತಾರೆ. ಆ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಜಾಗ ಚಿಕ್ಕದು ಮಾಡಿ. ಕ್ರೇಟ್ (ನಾಯಿ ಒಳಗೆ ಮಲಗುವ ಪಂಜರ) ಅಭ್ಯಾಸ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಈಗ ಹೊಸದಾಗಿ ತಂದು ಒಳಗೆ ಹಾಕಿ ಬಾಗಿಲು ಮುಚ್ಚಬೇಡಿ, ಗಾಬರಿಯಾಗಿ ಕೆರೆದುಕೊಂಡು ಹೊಲಿಗೆಗೆ ಏಟು ಮಾಡಿಕೊಳ್ಳುತ್ತಾಳೆ. ಸೋಫಾ ಮಂಚ ಇಲ್ಲದ ಒಂದು ಮೂಲೆಗೆ ಕುರ್ಚಿ ಅಡ್ಡ ಇಟ್ಟರೆ ಸಾಕು. ನಮ್ಮಲ್ಲಿ ಬಹಳ ಜನ ಗಮನಿಸದ ವಿಷಯ ನೆಲ. ಟೈಲ್ಸ್, ಗ್ರಾನೈಟ್ ಮೇಲೆ ಕಾಲು ಜಾರಿ ಹಿಂಗಾಲು ಅಗಲವಾದರೆ ಹೊಟ್ಟೆ ಪೂರ್ತಿ ಎಳೆಯುತ್ತದೆ, ಅದಕ್ಕೇ ಅವಳು ಓಡಾಡುವಷ್ಟು ಜಾಗಕ್ಕೆ ಯೋಗಾ ಮ್ಯಾಟ್ ಇಲ್ಲವೇ ಜಾರದ ಹಾಗೆ ಜಮಖಾನ ಹಾಸಿ. ನೀವು ಜೊತೆಯಲ್ಲಿ ಇರುವಾಗ ಮನೆಯೊಳಗೂ ಬೆಲ್ಟ್ ಹಾಕಿ ನಿಮ್ಮ ಕುರ್ಚಿಗೇ ಕಟ್ಟಿಕೊಳ್ಳಿ. ನೀವು ಇಲ್ಲದಿರುವಾಗ ಕಟ್ಟಿ ಹೋಗಬೇಡಿ, ಸುತ್ತಿಕೊಂಡರೆ ಕಷ್ಟ. ಮೆಟ್ಟಿಲಿದ್ದರೆ ಎತ್ತಿಕೊಂಡೇ ಇಳಿಯಿರಿ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಹಿಂದೆ. ಹೊಟ್ಟೆಗೆ ಕೈ ಹಾಕಬೇಡಿ.

ಈಗ ಮೂಗಿನ ಕೆಲಸ. ಬಟ್ಟಲಲ್ಲಿ ಊಟ ಹಾಕುವುದನ್ನು ಈ ಎರಡು ವಾರ ಮರೆತುಬಿಡಿ. ಅವಳ ಕಾಳನ್ನು (ನಾಯಿಗಳ ಒಣ ಊಟ) ಹಳೇ ಟವೆಲ್ ಮೇಲೆ ಚೆಲ್ಲಿ ಸುರುಳಿ ಸುತ್ತಿ ಕೊಡಿ, ಮೂಗಿನಲ್ಲಿ ಬಿಡಿಸಿ ಬಿಡಿಸಿ ತಿನ್ನಲಿ. ನೆಕ್ಕುವುದು ನಾಯಿಗಳನ್ನು ತಣ್ಣಗೆ ಮಾಡುತ್ತದೆ, ಇದಕ್ಕೆ ದುಡ್ಡು ಕೊಟ್ಟು ನೆಕ್ಕುವ ಮ್ಯಾಟ್ ತರಬೇಕಿಲ್ಲ, ಇಡ್ಲಿ ತಟ್ಟೆ ಸಾಕು. ಕುಳಿಗಳಿಗೆ ಮೊಸರು, ಬೇಯಿಸಿ ಹಿಸುಕಿದ ಸಿಹಿಗುಂಬಳ ತುಂಬಿ ಫ್ರೀಜರಿನಲ್ಲಿಡಿ, ಸ್ವಲ್ಪ ಕರಗಲು ಬಿಟ್ಟು ಕೊಡಿ. ಚುಕ್ಕಿ ಅದನ್ನು ಮುಗಿಸಿ ಅಲ್ಲೇ ಮಲಗಿಬಿಡುತ್ತಿದ್ದಳು. ಉಪ್ಪು, ಒಗ್ಗರಣೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ಪೀನಟ್ ಬಟರ್ ಕೊಡುವುದಾದರೆ ಡಬ್ಬಿಯ ಮೇಲೆ ಕ್ಸೈಲಿಟಾಲ್ ಅಂತ ಇದೆಯಾ ನೋಡಿ, ಅದು ನಾಯಿಗೆ ವಿಷ. ಆಪರೇಷನ್ ಆದ ಮೊದಲ ದಿನ ಮಾತ್ರ ಇದನ್ನೆಲ್ಲ ಕೊಡದೆ ಡಾಕ್ಟರ್ ಹೇಳಿದಷ್ಟೇ ಊಟ ಕೊಡಬೇಕು, ನಿಮ್ಮದು ಆ ಹಂತ ದಾಟಿದೆ.

ಆಮೇಲೆ ಕೂತಲ್ಲೇ ಕಲಿಯುವ ಪಾಠಗಳು. ನಿಮ್ಮ ಅಂಗೈಗೆ ಮೂಗು ತಾಗಿಸುವುದು, ಗದ್ದವನ್ನು ನಿಮ್ಮ ತೊಡೆಯ ಮೇಲೆ ಇಟ್ಟು ಹಾಗೇ ಇರುವುದು, ಮ್ಯಾಟ್ ಮೇಲೆ ಇರುವುದು. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲ ಎರಡು ಮೂರು ನಿಮಿಷ. ಸಂಜೆ ಮರಿಗಳಿಗೆ ಒಂದು ಹುಚ್ಚು ಓಟ ಬರುತ್ತದಲ್ಲ, ಅದು ಯಾವ ಹೊತ್ತಿಗೆ ಅಂತ ನಿಮಗೆ ಗೊತ್ತೇ ಇರುತ್ತದೆ. ಆ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ಇಡ್ಲಿ ತಟ್ಟೆ ಮುಂದಿಡಿ. ಶುರುವಾದ ಮೇಲೆ ನಿಲ್ಲಿಸುವುದು ಕಷ್ಟ.

ಬಾಗಿಲನ್ನೂ ಮರೆಯಬೇಡಿ. ಮನೆಯ ಮರಿ ಜಾಸ್ತಿ ಹಾರುವುದು ಯಾರಾದರೂ ಬಂದಾಗ. "ಬೆಲ್ ಒತ್ತಬೇಡಿ, ಫೋನ್ ಮಾಡಿ" ಅಂತ ಚೀಟಿ ಅಂಟಿಸಿ. ಮನೆಯವರು ಬಂದಾಗ ಕೂಗಿ ಮುದ್ದು ಮಾಡದೆ ಒಂದು ಹಿಡಿ ಕಾಳು ನೆಲಕ್ಕೆ ಚೆಲ್ಲಿ ಒಳಗೆ ಬರಲಿ. ಅಜ್ಜಿ ತಾತ, ಮಕ್ಕಳು ಇದ್ದರೆ ಅವರಿಗೆ ಮೊದಲೇ ಹೇಳಿಡಿ. ಪಾಪ ಅಂತ ಸೋಫಾ ಮೇಲೆ ಕರೆಯುವವರು ಅವರೇ.

ಇಷ್ಟು ಮಾಡಿಯೂ ಅವಳು ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಶಾಂತವಾಗಿರಲು ಔಷಧಿ ಕೇಳಿ. ಟ್ರಾಝೊಡೋನ್, ಗ್ಯಾಬಪೆಂಟಿನ್ ಥರದ ಮಾತ್ರೆಗಳನ್ನು ಇದಕ್ಕೇ ಅಂತ ಬರೆದುಕೊಡುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಹೊಲಿಗೆ ಬಿಚ್ಚಿ ಇನ್ನೊಂದು ಸಲ ಅನಸ್ತೇಷಿಯಾ ಕೊಡಿಸುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಆದರೆ ಡೋಸ್ ಅವರೇ ಹೇಳಬೇಕು. ಮನೆಯಲ್ಲಿರುವ ಡೋಲೊ, ಕ್ರೋಸಿನ್, ಬ್ರೂಫೆನ್ ಯಾವುದನ್ನೂ ನೀವಾಗಿ ಕೊಡಲೇಬೇಡಿ, ನಾಯಿಯ ಲಿವರ್, ಹೊಟ್ಟೆ, ಕಿಡ್ನಿ ಹಾಳಾಗಬಹುದು. ಹಾಗೆಯೇ ಡಾಕ್ಟರ್ ಬರೆದ ನೋವಿನ ಔಷಧಿಯನ್ನು "ಚುರುಕಾಗಿದ್ದಾಳಲ್ಲ" ಅಂತ ಮಧ್ಯದಲ್ಲಿ ಬಿಡಬೇಡಿ.

ಕೋನ್ (ಗಾಯ ನೆಕ್ಕದ ಹಾಗೆ ಕತ್ತಿಗೆ ಹಾಕುವ ಲಾಳಿಕೆ ಆಕಾರದ ಪಟ್ಟಿ) ವಿಷಯದಲ್ಲಿ ಮನಸ್ಸು ಕರಗಿಸಿಕೊಳ್ಳಬಾರದು. ಕೆಲವೇ ನಿಮಿಷ ನೆಕ್ಕಿದರೂ ಹೊಲಿಗೆ ಬಿಚ್ಚಬಹುದು. ಕೋನಿನ ಅಂಚು ಅವಳ ಮೂಗಿಗಿಂತ ಸ್ವಲ್ಪ ಮುಂದೆ ಬರಬೇಕು, ಇಲ್ಲದಿದ್ದರೆ ಹಾಕಿಯೂ ಪ್ರಯೋಜನ ಇಲ್ಲ. ಕತ್ತಿನ ಸುತ್ತ ಗಾಳಿ ತುಂಬುವ ಟ್ಯೂಬ್ ಥರದ್ದು ಉದ್ದ ಮೂತಿಯ, ಮೈ ಬಳುಕಿಸುವ ಇಂಡಿ ಮರಿಗೆ ಸಾಲದು. ಕೋನಿಗೆ ಪೂರ್ತಿ ಹಟ ಮಾಡಿದರೆ ಮಕ್ಕಳ ಹಳೇ ಟಿ-ಶರ್ಟ್ ಹಾಕಿ, ಮುಂಗಾಲು ತೋಳಿನಲ್ಲಿ ತೂರಿಸಿ, ಕೆಳಗಿನ ಅಂಚನ್ನು ಸೊಂಟದ ಮೇಲೆ ಸಡಿಲವಾಗಿ ಗಂಟು ಕಟ್ಟಿ. ಉಚ್ಚೆಗೆ ಕರೆದುಕೊಂಡು ಹೋಗುವಾಗ ಆ ಅಂಚನ್ನು ಮೇಲೆ ಎತ್ತಿಕೊಳ್ಳಿ, ಒದ್ದೆ ಆದರೆ ತಕ್ಷಣ ಬದಲಿಸಿ. ಬಟ್ಟೆಯ ಮೇಲಿಂದಲೇ ಕಚ್ಚುವ ಮರಿಗಳೂ ಇವೆ, ಅಂಥವಕ್ಕೆ ಕೋನ್ ಬಿಟ್ಟು ಬೇರೆ ದಾರಿ ಇಲ್ಲ. ರಾತ್ರಿ ಅಂತೂ ಬಿಚ್ಚಬೇಡಿ.

ಗಾಯವನ್ನು ಬೆಳಿಗ್ಗೆ ಸಂಜೆ ನೋಡಿ, ದಿನಾ ಒಂದು ಫೋಟೋ ತೆಗೆದಿಡಿ, ಹೋಲಿಸಲು ಸುಲಭ. ಸ್ವಲ್ಪ ಕೆಂಪು, ಸ್ವಲ್ಪ ಊತ ಮೊದಲ ದಿನಗಳಲ್ಲಿ ಸಹಜ. ಒಂದೆರಡು ದಿನ ಕಕ್ಕ ಮಾಡದಿದ್ದರೂ ಗಾಬರಿ ಬೇಡ, ಉಪವಾಸ ಮತ್ತು ಅನಸ್ತೇಷಿಯಾದಿಂದ ಹಾಗಾಗುತ್ತದೆ. ಕೀವು, ವಾಸನೆ, ರಕ್ತ ಒಸರುವುದು, ಹೊಲಿಗೆ ಬಾಯಿಬಿಟ್ಟಿರುವುದು, ಊತ ದಿನದಿನಕ್ಕೆ ದೊಡ್ಡದಾಗುವುದು ಕಂಡರೆ ಅವತ್ತೇ ಹೋಗಿ. ವಸಡು ಬಿಳಿಚಿಕೊಂಡು ಮರಿ ಸೋತು ಮಲಗಿದರೆ ರಾತ್ರಿ ಎಷ್ಟೇ ಹೊತ್ತಾದರೂ ಕಾಯಬೇಡಿ, ಒಳಗೆ ರಕ್ತ ಹೋಗುತ್ತಿರಬಹುದು. ಸ್ನಾನ ಬೇಡ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಪುಡಿ ಹಚ್ಚಲು ಯಾರು ಹೇಳಿದರೂ ಬೇಡ, ಗಾಯ ಒದ್ದೆಯಾಗದೆ ಇದ್ದರೆ ಸಾಕು.

ಹೊರಗೆ ಹೋಗುವುದು ಉಚ್ಚೆ, ಕಕ್ಕಕ್ಕೆ ಮಾತ್ರ, ಗಿಡ್ಡ ಬೆಲ್ಟಿನಲ್ಲಿ, ಬೇರೆ ನಾಯಿಗಳು ಇಲ್ಲದ ಹೊತ್ತಿಗೆ. ಅಲ್ಲಿ ಒಂದೇ ಗಿಡವನ್ನು ಐದು ನಿಮಿಷ ಮೂಸುತ್ತೇನೆ ಅಂದರೆ ಮೂಸಲಿ, ಎಳೆಯಬೇಡಿ. ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಹೊಲಿಗೆ ತೆಗೆಯುತ್ತಾರೆ. ಕರಗುವ ಹೊಲಿಗೆಯಾದರೂ ಅವತ್ತು ಹೋಗಿ ತೋರಿಸಿ. ಡಾಕ್ಟರ್ ಸರಿ ಅಂದ ಮೇಲೂ ನೇರ ಪಾರ್ಕಿಗೆ ಬಿಡಬೇಡಿ, ಮೊದಲು ಬೆಲ್ಟಿನಲ್ಲೇ ನಡಿಗೆ ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತಾ ಹೋಗಿ, ಚೆಂಡು ಎಸೆಯುವುದು, ಬೇರೆ ನಾಯಿಗಳ ಜೊತೆ ಕುಸ್ತಿ ಅದಾದ ಮೇಲೆ.